ಡಾಕ್ಟರ್ ‘ಮನೆಯಲ್ಲಿ ಗನ್ ಇದೆಯಾ’ ಎಂದು ಕೇಳಿದರೆ

ಮಗಳ ವರ್ಷದ ಚೆಕಪ್‌ಗೆ ಸಿಯಾಟಲ್ ಪಕ್ಕದ ಒಂದು ಕ್ಲಿನಿಕ್‌ಗೆ ಹೋಗಿದ್ದೆವು. ತೂಕ, ಎತ್ತರ, ಲಸಿಕೆ ಎಲ್ಲ ಮುಗಿಯಿತು. ಆಮೇಲೆ ಡಾಕ್ಟರ್ ಕೇಳಿದರು: “ಮನೆಯಲ್ಲಿ ಗನ್ ಇದೆಯಾ? ಮಾತ್ರೆಗಳನ್ನು ಬೀಗ ಹಾಕಿ ಇಡ್ತೀರಾ?” ನನಗೆ ಉರಿದುಹೋಯಿತು. ಜಿರಳೆ ಹೊಡೆಯೋಕೂ ಹಿಂದೆಮುಂದೆ ನೋಡುವ ಮನೆ ನಮ್ಮದು!

ಅತ್ತಿಗೆ ಇಲ್ಲೇ ನರ್ಸ್. ಹೇಳಿದಾಗ ನಕ್ಕುಬಿಟ್ಟರು. “ಎಲ್ಲರಿಗೂ ಕೇಳ್ತೀವಿ ಕಣಪ್ಪಾ. ಹೇಗೆ ಕೇಳಬೇಕು ಅಂತ ನಮಗೆ ಟ್ರೇನಿಂಗೇ ಇದೆ.”

ನಿಜ. ಈ ಪ್ರಶ್ನೆ ಕೇಳುವುದು ಆತ್ಮಹತ್ಯೆ ತಡೆಯೋಕೆ. ನಾವಿರುವ ವಾಷಿಂಗ್ಟನ್ ರಾಜ್ಯ 2012ರಲ್ಲಿ ಒಂದು ಕಾನೂನು ತಂದಿತು. ಆತ್ಮಹತ್ಯೆ ತಡೆಯುವ ತರಬೇತಿ ಮೊದಲು ಕೌನ್ಸೆಲರ್‌ಗಳಂಥವರಿಗೆ ಕಡ್ಡಾಯವಾಯಿತು. ಮುಂದೆ ಡಾಕ್ಟರ್, ನರ್ಸ್, ಫಾರ್ಮಸಿಸ್ಟ್‌ಗಳಿಗೂ ಬಂತು. ಗನ್, ಮಾತ್ರೆಗಳ ಪ್ರಶ್ನೆಗೆಂದೇ ಇರುವ ಇನ್ನೊಂದು ಕೋರ್ಸ್ ‘ಕೌನ್ಸೆಲಿಂಗ್ ಆನ್ ಆಕ್ಸೆಸ್ ಟು ಲೀಥಲ್ ಮೀನ್ಸ್’, ಅಂದರೆ ಜೀವ ತೆಗೆಯಬಲ್ಲ ವಸ್ತುಗಳು ಕೈಗೆ ಸಿಗದಂತೆ ಮಾಡಲು ಸಲಹೆ ಕೊಡುವುದು. ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ ಹುಟ್ಟಿದ್ದು. ಬೈಯದೆ, ಹೆದರಿಸದೆ ಕೇಳುವುದು ಹೇಗೆ, ಅಪಾಯದ ವಸ್ತುವನ್ನು ಸ್ವಲ್ಪ ದಿನ ಯಾರ ಕೈಗೆ ಕೊಡಬೇಕು ಎಂದು ಮನೆಯವರ ಜೊತೆ ಕೂತು ತೀರ್ಮಾನಿಸುವುದು ಹೇಗೆ, ಇಷ್ಟನ್ನೇ ಕಲಿಸುತ್ತಾರೆ.

ಮನಸ್ಸು ಸರಿಯಿಲ್ಲದವನ ಮನಸ್ಸನ್ನು ನೋಡೋದು ಬಿಟ್ಟು ಬೀಗ ಯಾಕೆ ನೋಡಬೇಕು? ನಾನೂ ಹೀಗೇ ವಾದ ಮಾಡಿದೆ. ಆದರೆ ಸಾಯಬೇಕು ಎನ್ನುವ ತೀವ್ರ ಗಳಿಗೆ ಎಷ್ಟೋ ಜನರಲ್ಲಿ ಬಹಳ ಹೊತ್ತು ಇರುವುದಿಲ್ಲವಂತೆ. ಆ ಹೊತ್ತಿಗೆ ಕೈಗೆ ಏನೂ ಸಿಗದಿದ್ದರೆ ಗಳಿಗೆ ದಾಟುತ್ತದೆ. ಒಮ್ಮೆ ಪ್ರಯತ್ನಿಸಿ ಬದುಕಿದ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಮುಂದೆ ಆತ್ಮಹತ್ಯೆಯಿಂದ ಸಾಯುವುದಿಲ್ಲ. ಶ್ರೀಲಂಕಾದಲ್ಲಿ ತೀರಾ ವಿಷಕಾರಿ ಕೀಟನಾಶಕಗಳನ್ನು ನಿಷೇಧಿಸಿದ ಮೇಲೆ ಆತ್ಮಹತ್ಯೆಗಳು ಗಣನೀಯವಾಗಿ ಇಳಿದವು. ಅಮೆರಿಕದಲ್ಲಿ ಅರ್ಧಕ್ಕಿಂತ ಜಾಸ್ತಿ ಆತ್ಮಹತ್ಯೆಗಳು ಗನ್‌ನಿಂದ. ಅದಕ್ಕೇ ಆ ಪ್ರಶ್ನೆ ಮೊದಲು ಬರುತ್ತದೆ.

ಎಚ್-1ಬಿ ಎನ್ನುವ ಕೆಲಸದ ವೀಸಾದಲ್ಲಿ ಇರುವವರು ಸಾಮಾನ್ಯವಾಗಿ ಗನ್ ಇಟ್ಟುಕೊಳ್ಳುವಂತಿಲ್ಲ. ಗ್ರೀನ್ ಕಾರ್ಡ್ ಬಂದ ಮೇಲೆ ತೆಗೆದುಕೊಂಡವರು ನಮ್ಮವರಲ್ಲೂ ಇದ್ದಾರೆ. ಇದ್ದರೆ ಇದೆ ಎನ್ನಿ. ನಿಮ್ಮ ಉತ್ತರವನ್ನು ಸುಮ್ನೆ ಯಾರಿಗೋ ಹೇಳುವಂತಿಲ್ಲ, ರೋಗಿಗಳ ಮಾಹಿತಿ ಗುಟ್ಟಾಗಿಡಬೇಕು ಎನ್ನುವ ಹಿಪಾ ಕಾನೂನು ಇದೆ. ಯಾರದಾದರೂ ಜೀವಕ್ಕೆ ಅಪಾಯ ಎನಿಸಿದಾಗ ಮಾತ್ರ ಬೇರೆ ಮಾತು.

ನನ್ನ ಪ್ರಕಾರ ನಮ್ಮ ಮನೆಗಳ ನಿಜವಾದ ಸಮಸ್ಯೆ ಮಾತ್ರೆ. ಅಪ್ಪ-ಅಮ್ಮ ಊರಿಂದ ಬರುವಾಗ ಆರು ತಿಂಗಳಿಗಾಗುವಷ್ಟು ತರುತ್ತಾರೆ. ಅವರು ವಾಪಸ್ ಹೋದ ಮೇಲೂ ಉಳಿದದ್ದು ಚಟ್ನಿಪುಡಿ ಡಬ್ಬಿಯ ಪಕ್ಕದಲ್ಲೇ ಕೂತಿರುತ್ತದೆ. ಎಸೆಯೋಕೆ ಮನಸ್ಸು ಬರಲ್ಲ, ಅಲ್ವಾ? ಬೇಡದ್ದನ್ನು ಫಾರ್ಮಸಿಯಲ್ಲಿರುವ ವಾಪಸಾತಿ ಡಬ್ಬಿಗೆ ಹಾಕಿ. ವಾಷಿಂಗ್ಟನ್‌ನಲ್ಲಾದರೆ ಅಂಚೆಯಲ್ಲಿ ಕಳಿಸುವ ಕವರ್ ಕೂಡ ಪುಕ್ಕಟೆ ಸಿಗುತ್ತದೆ. ಬೇಕಾದ್ದಕ್ಕೆ ಬೀಗದ ಪೆಟ್ಟಿಗೆ. ನಮ್ಮನೆಯದರ ನಂಬರ್ ಮಾವನವರಿಗೆ ಮಾತ್ರ ಗೊತ್ತು. ಅವರು ಈಗಾಗಲೇ ಎರಡು ಸಲ ಮರೆತಿದ್ದಾರೆ, ಅದು ಬೇರೆ ಕಥೆ.

ಮಗನೋ ಮಗಳೋ ರೂಮ್‌ಮೇಟೋ ತುಂಬಾ ಕುಗ್ಗಿದ್ದಾರೆ ಅನಿಸಿದರೆ “ಸಾಯಬೇಕು ಅನಿಸ್ತಿದೆಯಾ?” ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುತ್ತದೆ ಎನ್ನುವುದು ಸುಳ್ಳು. ಅಮೆರಿಕದ ಆತ್ಮಹತ್ಯೆ ತಡೆ ಸಹಾಯವಾಣಿ 988ಕ್ಕೆ ಫೋನ್ ಮಾಡಬಹುದು, ಮೆಸೇಜ್ ಕಳಿಸಬಹುದು. ಹಗಲು ರಾತ್ರಿ ಯಾವಾಗಲೂ ಇರುತ್ತಾರೆ. “ನನಗಲ್ಲ, ಮಗನಿಗೆ” ಎಂದರೂ ಮಾತಾಡುತ್ತಾರೆ. ಇಂಗ್ಲಿಷ್ ಕಷ್ಟವಾದರೆ ದುಭಾಷಿ ಬೇಕು ಅನ್ನಿ. ಊರಲ್ಲಿರುವವರಿಗೆ ಭಾರತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416 ಇದೆ, ಕನ್ನಡದಲ್ಲೇ ಮಾತು. ಈ ಕ್ಷಣವೇ ಅಪಾಯ ಇದ್ದರೆ ಅವರನ್ನು ಒಂಟಿಯಾಗಿ ಬಿಡದೆ ಅಮೆರಿಕದ ತುರ್ತು ನಂಬರ್ 911ಕ್ಕೆ ಕರೆ ಮಾಡಿ.