ಪಂಪಿನ ಲೆಕ್ಕ ಮಾಡುತ್ತಾ ಕ್ಲಾಸ್ ಕಲಿತದ್ದು

ಅಪಾರ್ಟ್‌ಮೆಂಟ್‌ಗಳ ನೀರಿನ ವ್ಯವಸ್ಥೆ ಡಿಸೈನ್ ಮಾಡುವುದು ನನ್ನ ಕೆಲಸ. ಬೆಂಗಳೂರಿನಲ್ಲಿ ಒಂದೇ ಕಟ್ಟಡಕ್ಕೆ ಕಾವೇರಿ, ಬೋರ್‌ವೆಲ್, ಟ್ಯಾಂಕರ್ ಮೂರೂ ಕಡೆಯಿಂದ ನೀರು ಬರುವುದುಂಟು. ಎಲ್ಲವೂ ನೆಲದಡಿಯ ಸಂಪ್ ತೊಟ್ಟಿಗೆ ಬಿದ್ದು, ಅಲ್ಲಿಂದ ಓವರ್‌ಹೆಡ್ ಟ್ಯಾಂಕಿಗೆ ಏರಬೇಕು. ಈ ಲೆಕ್ಕಗಳನ್ನು ಎಕ್ಸೆಲ್‌ನಿಂದ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ತಂದಾಗ ಶುರುವಿನಲ್ಲಿ ಬರೀ ಫಂಕ್ಷನ್‌ಗಳನ್ನು, ಅಂದರೆ ಅಂಕಿ ಕೊಟ್ಟರೆ ಉತ್ತರ ಕೊಡುವ ಲೆಕ್ಕದ ತುಣುಕುಗಳನ್ನು ಬರೆದೆ. ಒಂದೇ ಪಂಪ್ ಇದ್ದರೆ ಅಷ್ಟು ಸಾಕು. ಒಂದು ಸೂತ್ರದ ಕೆಲಸಕ್ಕೆ ಈಗಲೂ ನಾನು ಕ್ಲಾಸ್ (ಮಾಹಿತಿಯನ್ನೂ ಅದರ ಲೆಕ್ಕಗಳನ್ನೂ ಒಟ್ಟಿಗೆ ಇಡುವ ಅಚ್ಚು) ಬರೆಯುವುದಿಲ್ಲ. ಆದರೆ ಪಂಪ್‌ಗಳು ಹೆಚ್ಚಿದಂತೆ ಯಾವ ಅಂಕಿ ಯಾವ ಪಂಪಿನದು ಎಂದು ಹುಡುಕುವುದೇ ದೊಡ್ಡ ಕೆಲಸವಾಯಿತು.

ಹಾಗಾಗಿ ‘ಪಂಪ್’ ಎಂಬ ಕ್ಲಾಸ್ ಬರೆದೆ. ಅದರಲ್ಲಿ ನಾಲ್ಕು ಮಾಹಿತಿ: ಹರಿವು, ದಕ್ಷತೆ, ನೀರು ಏರಬೇಕಾದ ಎತ್ತರ, ಪೈಪಿನ ಘರ್ಷಣೆ ನಷ್ಟ. ಎರಡು ಮೆಥಡ್, ಅಂದರೆ ಕ್ಲಾಸಿನೊಳಗಿನ ಫಂಕ್ಷನ್: ಹೆಡ್ ಮತ್ತು ಪವರ್. ಎತ್ತರಕ್ಕೆ ನಷ್ಟ ಕೂಡಿಸಿದರೆ ಹೆಡ್. ನೀರಿನ ಸಾಂದ್ರತೆ, ಗುರುತ್ವ, ಹರಿವು, ಹೆಡ್ ಗುಣಿಸಿ ದಕ್ಷತೆಯಿಂದ ಭಾಗಿಸಿದರೆ ಪವರ್. ಸೆಕೆಂಡಿಗೆ 5 ಲೀಟರ್, 34 ಮೀಟರ್ ಎತ್ತರ, 6 ಮೀಟರ್ ನಷ್ಟ, ದಕ್ಷತೆ 0.6 ಕೊಟ್ಟರೆ 3270 ವ್ಯಾಟ್ ಬರುತ್ತದೆ. ಅಂದರೆ ಸುಮಾರು 4.4 ಎಚ್‌ಪಿ, 5 ಎಚ್‌ಪಿ ಮೋಟಾರ್ ನೋಡಬೇಕು. ಕ್ಲಾಸ್ ಬರೆದ ಮಾತ್ರಕ್ಕೆ ಪಂಪ್ ಹುಟ್ಟುವುದಿಲ್ಲ. ಈ ಅಂಕಿಗಳನ್ನು ಕೊಟ್ಟು ಅದನ್ನು ಕರೆದಾಗ ಒಂದು ಆಬ್ಜೆಕ್ಟ್, ಅಂದರೆ ಆ ಅಂಕಿಗಳಿರುವ ಒಂದು ಪಂಪ್ ಸಿಗುತ್ತದೆ, ಬೇರೆ ಅಂಕಿ ಕೊಟ್ಟರೆ ಇನ್ನೊಂದು.

ಹೊಸಬರು ತಡವರಿಸುವುದು ‘ಸೆಲ್ಫ್’ ಹತ್ತಿರ. ಆಬ್ಜೆಕ್ಟಿನ ಹೆಸರಿನ ಮುಂದೆ ಚುಕ್ಕಿ ಇಟ್ಟು ಪವರ್ ಮೆಥಡ್ ಕರೆದರೆ, ಪೈಥಾನ್ ಆ ಆಬ್ಜೆಕ್ಟನ್ನೇ ಮೊದಲ ಆರ್ಗ್ಯುಮೆಂಟ್ (ಒಳಗೆ ಕೊಡುವ ಮಾಹಿತಿ) ಮಾಡಿ ಮೆಥಡ್‌ಗೆ ಕೊಡುತ್ತದೆ. ಅದನ್ನು ಹಿಡಿದುಕೊಳ್ಳುವ ಹೆಸರೇ ಸೆಲ್ಫ್. ಅದರಿಂದಲೇ ಒಂದೇ ಸೂತ್ರ ಪ್ರತಿ ಪಂಪಿಗೂ ಅದರದೇ ಅಂಕಿ ಹಾಕಿಕೊಂಡು ಲೆಕ್ಕ ಮಾಡುತ್ತದೆ.

ನಮ್ಮಂಥ ಎಂಜಿನಿಯರ್‌ಗಳಿಗೆ ನಿಜವಾದ ಲಾಭ ಇರುವುದು ಯೂನಿಟ್‌ಗಳಲ್ಲಿ. ಒಂದು ಕ್ಯಾಟಲಾಗ್‌ನಲ್ಲಿ ಹರಿವು ನಿಮಿಷಕ್ಕೆ ಇಷ್ಟು ಲೀಟರ್, ಇನ್ನೊಂದರಲ್ಲಿ ಗಂಟೆಗೆ ಇಷ್ಟು ಘನ ಮೀಟರ್. ಬೋರ್‌ವೆಲ್ ಕೊರೆಯುವವರು ಆಳವನ್ನು ಅಡಿಯಲ್ಲಿ, ನೀರನ್ನು ಇಂಚಿನಲ್ಲಿ ಹೇಳುತ್ತಾರೆ. ಆಬ್ಜೆಕ್ಟ್ ಹುಟ್ಟುವಾಗ ತಾನಾಗಿ ಓಡುವ ‘ಇನಿಟ್’ ಮೆಥಡ್‌ನಲ್ಲೇ ಹರಿವನ್ನೂ ಉದ್ದವನ್ನೂ ಮೀಟರ್, ಸೆಕೆಂಡಿನಂಥ ಎಸ್‌ಐ ಯೂನಿಟ್‌ಗೆ ಬದಲಿಸಿಬಿಡುತ್ತೇನೆ. ಮುಂದಿನ ಯಾವ ಮೆಥಡ್‌ನಲ್ಲೂ ಯೂನಿಟ್ ಚಿಂತೆ ಇಲ್ಲ. ದಕ್ಷತೆ ಸೊನ್ನೆಗಿಂತ ಹೆಚ್ಚು, ಒಂದಕ್ಕಿಂತ ಕಡಿಮೆ ಇರಲೇಬೇಕೆಂಬ ತಪಾಸಣೆಯೂ ಅಲ್ಲೇ. 0.6 ಬದಲು ಯಾರಾದರೂ 60 ಎಂದು ಟೈಪ್ ಮಾಡಿದರೆ ಎರರ್ ಬರುತ್ತದೆ, ತಪ್ಪು ಮೋಟಾರಿನ ತನಕ ಲೆಕ್ಕ ಹೋಗುವುದೇ ಇಲ್ಲ. ಇದೊಂದಕ್ಕಾಗಿಯಾದರೂ ಕ್ಲಾಸ್ ಕಲಿಯಬೇಕು ಎನ್ನುತ್ತೇನೆ.

ಇನ್ಹೆರಿಟೆನ್ಸ್, ಅಂದರೆ ಇರುವ ಕ್ಲಾಸಿನದನ್ನೆಲ್ಲ ಪಡೆದು ಬೇಕಾದದ್ದನ್ನಷ್ಟೇ ಬದಲಿಸಿ ಹೊಸ ಕ್ಲಾಸ್ ಮಾಡುವುದು, ನಾನು ಬಳಸುವುದು ಕಡಿಮೆ. ಬೋರ್‌ವೆಲ್ ಪಂಪ್ ಪಂಪಿನದೇ ಒಂದು ಬಗೆ, ಆದ್ದರಿಂದ ಅಲ್ಲಿ ಸರಿ: ಹೆಡ್ ಮೆಥಡ್ ಒಂದನ್ನೇ ಬದಲಿಸಿ, ಪಂಪ್ ಓಡುವಾಗ ನೀರಿನ ಮಟ್ಟ ಎಷ್ಟು ಕೆಳಗಿಳಿಯುತ್ತದೆ ಎಂಬುದನ್ನೂ ಸೇರಿಸಿದೆ. ಪವರ್ ಮೆಥಡ್ ಮುಟ್ಟಬೇಕಾಗಲಿಲ್ಲ. ಆದರೆ ಕಟ್ಟಡ ಪಂಪಿನ ಬಗೆಯಲ್ಲ, ಅದರೊಳಗೆ ಪಂಪ್‌ಗಳಿವೆ; ಹಾಗಾಗಿ ‘ಕಟ್ಟಡ’ ಕ್ಲಾಸ್‌ನಲ್ಲಿ ಪಂಪ್‌ಗಳ ಒಂದು ಲಿಸ್ಟ್ ಇಟ್ಟಿದ್ದೇನೆ.

ಕ್ಲಾಸ್ ಎಂಬ ಕಲ್ಪನೆ ಬೆಳೆದದ್ದೇ ಸಿಮ್ಯುಲೇಶನ್‌ಗಾಗಿ, ಅಂದರೆ ನಿಜವಾದ ವ್ಯವಸ್ಥೆ ಹೇಗೆ ನಡೆಯುತ್ತದೆಂದು ಕಂಪ್ಯೂಟರಿನಲ್ಲಿ ಓಡಿಸಿ ನೋಡುವುದಕ್ಕಾಗಿ. 1960ರ ದಶಕದಲ್ಲಿ ನಾರ್ವೆಯ ಡಾಲ್ ಮತ್ತು ನೈಗಾರ್ಡ್ ಸಿಮುಲಾ ಭಾಷೆ ಕಟ್ಟಿದ್ದು ಅದಕ್ಕೇ. ‘ಟ್ಯಾಂಕ್’ ಕ್ಲಾಸ್ ಬರೆದಾಗ ಅದರ ಅರ್ಥ ನನಗೆ ಪೂರ್ತಿ ಆಯಿತು. ಪಂಪಿನ ಅಂಕಿಗಳು ಒಮ್ಮೆ ಕೊಟ್ಟರೆ ಹಾಗೇ ಇರುತ್ತವೆ, ಟ್ಯಾಂಕಿನ ಮಟ್ಟ ಮಾತ್ರ ಗಂಟೆಗಂಟೆಗೂ ಬದಲಾಗುತ್ತದೆ, ಆ ಬದಲಾವಣೆಯನ್ನು ಆಬ್ಜೆಕ್ಟೇ ನೆನಪಿಟ್ಟುಕೊಳ್ಳುತ್ತದೆ. ತುಂಬುವುದು, ಖರ್ಚಾಗುವುದು ಎಂಬ ಎರಡು ಮೆಥಡ್ ಸಾಕು. ಬೆಳಗಿನ ಸ್ನಾನದ ಹೊತ್ತಿನಲ್ಲಿ ಟ್ಯಾಂಕ್ ಬರಿದಾಗುತ್ತದೆಯೇ, ಎರಡನೇ ಪಂಪ್ ಬೇಕೇ ಎಂಬುದನ್ನು ಈಗ ಪೈಪ್ ತರಿಸುವ ಮೊದಲೇ ಓಡಿಸಿ ನೋಡುತ್ತೇನೆ.