ಮೂರು ಟಾರ್ಚು, ಒಂದು ಅಟ್ಟ: ಮನೇಲಿ ಪೋಲಾಗೋದನ್ನ ಹಿಡಿಯೋದು ಹೇಗೆ?

ಹೋದ ವರ್ಷ ಬಾಡಿಗೆ ಮನೆ ಖಾಲಿ ಮಾಡುವಾಗ ನಮ್ಮ ಅಟ್ಟದಲ್ಲಿ ಮೂರು ಟಾರ್ಚ್ ಸಿಕ್ತು. ಮೂರೂ ಒಂದೇ ಥರದ್ದು, ಒಂದರೊಳಗೆ ಸೆಲ್ ಸೋರಿ ಸ್ಪ್ರಿಂಗ್ ಸುತ್ತ ಬಿಳಿ ಪುಡಿ ಕಟ್ಟಿತ್ತು. ಮೂರು ಹೇಗಾಯ್ತು ಅಂದ್ರೆ, ಕರೆಂಟ್ ಹೋದಾಗ ಮೊದಲನೇದು ಸಿಗ್ಲಿಲ್ಲ ಅಂತ ಎರಡನೇದು ತಂದ್ವಿ, ಮುಂದಿನ ಮಳೆಗಾಲದಲ್ಲಿ ಅದೂ ಸಿಗದೆ ಮೂರನೇದು ತಂದ್ವಿ. ದುಡ್ಡು ಹೋಯ್ತು, ಕತ್ತಲಲ್ಲಿ ತಡಕಾಡಿದ ಟೈಮ್ ಹೋಯ್ತು, ಅಟ್ಟದಲ್ಲಿ ಜಾಗನೂ ಹೋಯ್ತು. ಅವತ್ತಿಂದ ನನಗೆ ಗಟ್ಟಿಯಾಗಿ ಅನ್ಸಿರೋದು ಏನಂದ್ರೆ, ಮನೇಲಿ ಏನಿದೆ, ಎಷ್ಟಿದೆ ಅನ್ನೋದು ಕಣ್ಣಿಗೆ ಬೀಳದೇ ಹೋದಾಗ ಟೈಮು, ವಸ್ತು, ಜಾಗ ಮೂರೂ ಒಟ್ಟಿಗೇ ಪೋಲಾಗತ್ತೆ, ಹಾಗಾಗಿ ಮೊದಲು ಅದು ಕಣ್ಣಿಗೆ ಬೀಳೋ ಹಾಗೆ ಮಾಡ್ಬೇಕು. ಬೆಂಗಳೂರಲ್ಲಿ ನಾಲ್ಕು ಜನ ಇರೋ ಎರಡು ಬೆಡ್‌ರೂಂ ಮನೆ ಅಂತ ಇಟ್ಕೊಂಡು ಬರೀತಿದ್ದೀನಿ, ಊರು ಬೇರೆ ಆದ್ರೆ ಲೆಕ್ಕ ಸ್ವಲ್ಪ ಆಚೀಚೆ ಆಗಬಹುದು ಅಷ್ಟೇ.

ಹೆಜ್ಜೆ 1: ಒಂದು ವಾರ ಬರೀ ಬರೆದಿಡಿ

ಈ ವಾರ ಏನನ್ನೂ ಬದಲಾಯಿಸೋಕೆ ಹೋಗ್ಬೇಡಿ. ಫ್ರಿಜ್ ಪಕ್ಕ ಒಂದು ಹಳೇ ನೋಟ್‌ಬುಕ್ಕು, ದಾರ ಕಟ್ಟಿದ ಪೆನ್ನು ನೇತುಹಾಕಿ. ಎಸೆದಿದ್ದು, ಹುಡುಕಿದ್ದು, ಇದ್ರೂ ಮತ್ತೆ ಕೊಂಡಿದ್ದು, ಈ ಮೂರನ್ನ ಮಾತ್ರ ಬರೀರಿ. 'ಮಂಗಳವಾರ, ಒಂದು ಸೌಟು ಹುಳಿ, ಅರ್ಧ ಕಟ್ಟು ಕೊತ್ತಂಬರಿ.' 'ಬುಧವಾರ, ಸ್ಕೂಟರ್ ಕೀ, 10 ನಿಮಿಷ.' ಇಷ್ಟು ಸಾಕು. ಮನೇಲಿ ಯಾರು ಎಸೆದ್ರು ಅಂತ ಹೆಸರು ಮಾತ್ರ ಬರೀಬೇಡಿ, ಬರೆದ್ರೆ ಮೂರನೇ ದಿನಕ್ಕೆ ಜಗಳ ಆಗಿ ನೋಟ್‌ಬುಕ್ಕು ಮೂಲೆ ಸೇರತ್ತೆ.

ವಾರದ ಕೊನೇಲಿ ಹುಡುಕಿದ ನಿಮಿಷ ಎಲ್ಲಾ ಕೂಡಿಸಿ ನೋಡಿ. ದಿನಕ್ಕೆ 15 ನಿಮಿಷ ಬಂತು ಅಂದ್ಕೊಳ್ಳಿ, ವರ್ಷಕ್ಕೆ 91 ಗಂಟೆ ಆಯ್ತು, ಅಂದ್ರೆ ಹಗಲು ರಾತ್ರಿ ಸೇರಿಸಿ ಹೆಚ್ಚುಕಮ್ಮಿ ನಾಲ್ಕು ದಿನ ಕೀ, ಚಾರ್ಜರ್, ಕನ್ನಡಕ, ಗ್ಯಾಸ್ ಬುಕ್ಕು ಹುಡುಕೋದ್ರಲ್ಲೇ ಹೋಯ್ತು.

ಹೆಜ್ಜೆ 2: ಅಡುಗೆಮನೆ

ನೋಟ್‌ಬುಕ್ಕಲ್ಲಿ ಜಾಸ್ತಿ ಸಾಲು ಬರೋದು ಇಲ್ಲಿಂದಾನೇ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2024ರ ವರದಿ ಪ್ರಕಾರ ನಮ್ಮ ದೇಶದ ಮನೆಗಳಲ್ಲಿ ಒಬ್ಬರಿಗೆ ವರ್ಷಕ್ಕೆ ಸುಮಾರು 55 ಕೆಜಿ ಆಹಾರ ಕಸಕ್ಕೆ ಹೋಗತ್ತೆ. ಸಿಪ್ಪೆ ಬೀಜ ಎಲ್ಲಾ ಸೇರಿದ ಲೆಕ್ಕ ಅದು, ಆದ್ರೂ ನಾಲ್ಕು ಜನರ ಮನೆಗೆ 220 ಕೆಜಿ ಆಯ್ತು, 25 ಕೆಜಿಯ ಒಂಬತ್ತು ಅಕ್ಕಿ ಮೂಟೆ ಹತ್ತಿರದ ತೂಕ.

ಅನ್ನದಿಂದ ಶುರು ಮಾಡಿ. ಅಕ್ಕಿ ಡಬ್ಬದೊಳಗೆ ಒಂದು ಪಾವು ಇಟ್ಟು ಯಾವಾಗ್ಲೂ ಅದರಲ್ಲೇ ಅಳೀರಿ, ಕಣ್ಣಂದಾಜು ಬೇಡ. ರಾತ್ರಿ ಅಕ್ಕಿ ತೊಳೆಯೋ ಮುಂಚೆ 'ಯಾರ್ಯಾರು ಊಟಕ್ಕಿದೀರಾ?' ಅಂತ ಮನೆ ಗ್ರೂಪಲ್ಲಿ ಒಂದು ಮೆಸೇಜ್ ಹಾಕಿ. ನಮ್ಮನೇಲಿ ಈ ಒಂದು ಮೆಸೇಜಿಂದ ಉಳಿಯೋ ಅನ್ನ ಅರ್ಧಕ್ಕರ್ಧ ಕಮ್ಮಿ ಆಯ್ತು, ಯಾಕಂದ್ರೆ ಹೊರಗೆ ತಿಂದು ಬಂದವರ ಪಾಲಿನ ಅನ್ನಾನೇ ದಿನಾ ಉಳೀತಿದ್ದಿದ್ದು. ಹಾಗೂ ಉಳಿದ್ರೆ ರಾತ್ರಿ ಪೂರ್ತಿ ಕಟ್ಟೆ ಮೇಲೆ ಬಿಡದೆ ಆರಿದ ತಕ್ಷಣ ಫ್ರಿಜ್ಜಿಗೆ ಹಾಕಿ, ಬೆಳಿಗ್ಗೆ ಚಿತ್ರಾನ್ನಕ್ಕೋ, ದೋಸೆಗೆ ರುಬ್ಬುವಾಗ ಒಂದು ಹಿಡಿ ಹಾಕೋಕೋ ಆಗತ್ತೆ.

ಆಮೇಲೆ ಕೊತ್ತಂಬರಿ ಸೊಪ್ಪು. ನೀರು ಚಿಮುಕಿಸಿದ ಕಟ್ಟನ್ನ ಕವರ್ ಸಮೇತ ಫ್ರಿಜ್ಜಿನ ತರಕಾರಿ ಟ್ರೇಗೆ ತಳ್ತೀವಿ, ಮೂರು ದಿನ ಬಿಟ್ಟು ತೆಗೆದ್ರೆ ನಡುವಿನ ಎಲೆಗಳು ಕಪ್ಪಗೆ ಲೋಳೆ ಲೋಳೆಯಾಗಿ ಕೈಗೆ ಅಂಟತ್ತೆ, ವಾಸನೆ ಬೇರೆ. ತಂದ ದಿನಾನೇ ಹತ್ತು ನಿಮಿಷ ಕೂತು ಬೇರು ಕತ್ತರಿಸಿ, ಹಳದಿ ಎಲೆ ಆರಿಸಿ, ತೊಳೀದೇನೇ ಫ್ಯಾನ್ ಕೆಳಗೆ ಹರಡಿ ತೇವ ಆರಿಸಿ, ಹಳೇ ಪಂಚೆ ಬಟ್ಟೆ ತುಂಡಲ್ಲಿ ಸಡಿಲವಾಗಿ ಸುತ್ತಿ ಮುಚ್ಚಳ ಇರೋ ಡಬ್ಬದಲ್ಲಿಡಿ. ಬಳಸುವಾಗ ಬೇಕಾದಷ್ಟೇ ತೆಗೆದು ತೊಳ್ಕೊಳ್ಳಿ, ವಾರ ಆರಾಮಾಗಿ ಬರತ್ತೆ. ದಂಟು ಎಸೀಬೇಡಿ, ಸಾರಿಗೆ ದಂಟಿನ ಘಮಾನೇ ಚೆಂದ.

ಫ್ರಿಜ್ಜಲ್ಲಿ ಇನ್ನೊಂದು ವಿಷ್ಯ. ಸ್ಟೀಲ್ ಡಬ್ಬ ನಮಗೆಲ್ಲಾ ಇಷ್ಟ, ನನಗೂ ಇಷ್ಟ, ಆದ್ರೆ ಒಳಗೇನಿದೆ ಕಾಣಲ್ಲ. ಒಂದು ಚೂರು ಕಾಗದದ ಟೇಪ್ ಅಂಟಿಸಿ 'ಪಲ್ಯ, ಸೋಮವಾರ' ಅಂತ ಬರೆದು, ಇವತ್ತೇ ಮುಗೀಬೇಕಾದ್ದನ್ನ ಕಣ್ಣಿನ ಮಟ್ಟದ ಶೆಲ್ಫಲ್ಲಿ ಮುಂದಿನ ಸಾಲಿಗೆ ಇಡಿ. ಹಿಂದೆ ಹೋಗಿದ್ದು ಮರ್ತೇ ಹೋಗತ್ತೆ.

ಗ್ಯಾಸಿಗೆ ಎರಡೇ ಮಾತು. ಬೇಳೆಯನ್ನ ಅರ್ಧ ಗಂಟೆ ಮುಂಚೆ ನೆನೆಸಿ, ಮತ್ತೆ ಕುಕ್ಕರ್ ಮೊದಲ ವಿಷಲ್ ಕೂಗಿದ ಮೇಲೆ ಉರಿ ಸಿಮ್‌ಗೆ ತನ್ನಿ, ಆಮೇಲೆ ಜೋರಾಗಿ ಉರಿಸಿದ್ರೆ ಬರೀ ಆವಿ ಹೋಗತ್ತೆ ಅಷ್ಟೇ. ಸಿಲಿಂಡರ್ ಹಾಕಿದ ದಿನ ಕ್ಯಾಲೆಂಡರಲ್ಲಿ ಗುರುತು ಮಾಡೋ ಅಮ್ಮಂದಿರು ಇದಾರಲ್ಲ, ಅದೇ ಸರಿಯಾದ ಲೆಕ್ಕ, 14.2 ಕೆಜಿ ಎಷ್ಟು ದಿನ ಬಂತು ಅಂತ ಗೊತ್ತಿದ್ರೆ ಕಮ್ಮಿ ಆಗಿದ್ದೂ ಗೊತ್ತಾಗತ್ತೆ.

ಇಷ್ಟೆಲ್ಲಾ ಮಾಡಿದ ಮೇಲೂ ಸಿಪ್ಪೆ ಇದ್ದೇ ಇರತ್ತೆ. ಅದನ್ನ ಹಸಿ ಕಸ ಅಂತ ಬೇರೆ ಮಾಡೋದಕ್ಕೆ ಅರ್ಧ ನಿಮಿಷ ಸಾಕು, ದಯವಿಟ್ಟು ಮಾಡಿ. ಬೆಂಗಳೂರಿನ ಕಸ ಬೆರೆತು ಹೋಗಿ ಬಿದ್ದಿದ್ದು ಊರಾಚೆಯ ಮಾವಳ್ಳಿಪುರ, ಮಂಡೂರು ಅನ್ನೋ ಹಳ್ಳಿಗಳ ಕಸದ ಗುಡ್ಡೆಗಳಲ್ಲಿ. ಅಲ್ಲಿನ ಜನ ವರ್ಷಗಟ್ಟಲೆ ಆ ವಾಸನೆ, ನೊಣ, ಕೆಟ್ಟ ನೀರು ಸಹಿಸಿಕೊಂಡು ಹೋರಾಟ ಮಾಡಿದ ಮೇಲೆ 2012ರಲ್ಲಿ ಮಾವಳ್ಳಿಪುರದ್ದು, 2014ರಲ್ಲಿ ಮಂಡೂರಿನದ್ದು ನಿಂತಿದ್ದು. ನಮ್ಮ ಅಡುಗೆಮನೆ ಬಕೆಟ್ ಇನ್ನೊಬ್ಬರ ಊರಿನ ಬಾವಿಗೆ ಹೋಗಿ ಮುಟ್ಟತ್ತೆ ಅನ್ನೋದನ್ನ ನಾನಂತೂ ಮರೆಯೋಕೆ ಆಗ್ತಿಲ್ಲ.

ಹೆಜ್ಜೆ 3: ನೀರು

ನಲ್ಲೀಲಿ ಬರೋ ಕಾವೇರಿ ನೀರು ಮಳವಳ್ಳಿ ತಾಲೂಕಿನ ತೊರೆಕಾಡನಹಳ್ಳಿ ಕಡೆಯಿಂದ ಸುಮಾರು 100 ಕಿಲೋಮೀಟರ್ ಬರತ್ತೆ, ಅದೂ ಇಳಿಜಾರಲ್ಲಿ ಹರಿದು ಬರಲ್ಲ. ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಹೀಗೆ ಮೂರು ಕಡೆ ಪಂಪ್ ಮಾಡಿ ಸುಮಾರು ಅರ್ಧ ಕಿಲೋಮೀಟರ್ ಎತ್ತರಕ್ಕೆ ಎತ್ತಿ ತರ್ತಾರೆ. ಅಂದ್ರೆ ನಲ್ಲೀಲಿ ಸುಮ್ನೆ ಹರಿದು ಹೋಗೋ ನೀರಲ್ಲಿ ಕರೆಂಟೂ ಹರಿದು ಹೋಗ್ತಿದೆ.

ಮೊದಲು ತೊಟ್ಟಿಕ್ಕೋ ನಲ್ಲಿ. ಕೆಳಗೆ ಒಂದು ಪಾತ್ರೆ ಇಟ್ಟು ಒಂದು ಗಂಟೆ ಬಿಡಿ, ಅರ್ಧ ಲೀಟರ್ ತುಂಬಿದ್ರೆ ದಿನಕ್ಕೆ 12 ಲೀಟರ್. ಎಷ್ಟೋ ಸಲ ಒಳಗಿನ ವಾಷರ್ ಸವೆದಿರತ್ತೆ ಅಷ್ಟೇ, ಹಾರ್ಡ್‌ವೇರ್ ಅಂಗಡೀಲಿ ಕಮ್ಮಿ ದುಡ್ಡಿಗೆ ಸಿಗತ್ತೆ. ಹೋಗಿದ್ದೀರಂದ್ಮೇಲೆ ಏರೇಟರ್ ಅಂತ ಕೇಳಿ ತನ್ನಿ, ನಲ್ಲಿ ಬಾಯಿಗೆ ತಿರುಗಿಸೋ ಸಣ್ಣ ಜಾಲರಿ ಅದು, ನೀರಿಗೆ ಗಾಳಿ ಬೆರೆಸಿ ಧಾರೆ ತೆಳು ಮಾಡತ್ತೆ, ಕೈ ತೊಳೆಯೋಕೆ ಅಷ್ಟೇ ಸಾಕು. 2024ರ ಬೇಸಿಗೇಲಿ ಊರೆಲ್ಲಾ ಟ್ಯಾಂಕರ್ ಹಿಂದೆ ಓಡಿದಾಗ ಜಲಮಂಡಳಿ ಇದನ್ನೇ ಹಾಕ್ಸಿ ಅಂದಿದ್ದು, ಕುಡಿಯೋ ನೀರಲ್ಲಿ ಕಾರು ತೊಳೆದ್ರೆ 5,000 ರೂಪಾಯಿ ದಂಡ ಅಂದಿದ್ದೂ ಆಗಲೇ. ಆ ಬೇಸಿಗೇಲಿ ಒಂದು ಬಕೆಟ್‌ನ ಬೆಲೆ ಎಲ್ಲರಿಗೂ ಗೊತ್ತಾಗಿತ್ತು, ಮಳೆ ಬಂತು, ಮರೆತ್ವಿ.

ಎರಡನೇದು ಆರ್‌ಒ ಮಷೀನು, ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು. ಮನೇಲಿರೋ ಎಷ್ಟೋ ಮಷೀನುಗಳು ಒಂದು ಲೀಟರ್ ಶುದ್ಧ ನೀರು ಕೊಡೋಕೆ ಮೂರು ಲೀಟರ್ ಹತ್ತಿರ ಹೊರಗೆ ಬಿಡತ್ತೆ. ದಿನಕ್ಕೆ ಕುಡಿಯೋಕೆ ಅಡುಗೆಗೆ 15 ಲೀಟರ್ ಬೇಕು ಅಂದ್ರೆ 45 ಲೀಟರ್, ಮೂರು ಬಕೆಟ್ ನೀರು ಸಿಂಕಿನ ಪೈಪಲ್ಲಿ ಹೋಗ್ತಿದೆ. ಹಾಗಾಗಿ ನಿಮ್ಮನೆ ನೀರಿಗೆ ಆರ್‌ಒ ಬೇಕಾ ಅಂತ ಮೊದಲು ನೋಡಿ. ನೀರಲ್ಲಿ ಕರಗಿರೋ ಲವಣ ಎಷ್ಟಿದೆ ಅಂತ ತೋರಿಸೋ ಟಿಡಿಎಸ್ ಮೀಟರ್ ಅಂತ ಪೆನ್ನಿನಷ್ಟು ಉದ್ದದ್ದು ಸಿಗತ್ತೆ, ಒಂದು ಲೋಟ ನಲ್ಲಿ ನೀರಲ್ಲಿ ಅದ್ದಿದ್ರೆ ನಂಬರ್ ಬರತ್ತೆ. ಕುಡಿಯೋ ನೀರಿಗೆ ಭಾರತೀಯ ಮಾನಕ ಹೇಳೋ ಮಿತಿ ಲೀಟರ್‌ಗೆ 500 ಮಿಲಿಗ್ರಾಂ, 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳೀನೂ 500ಕ್ಕಿಂತ ಕಮ್ಮಿ ಇರೋ ಕಡೆ ಆರ್‌ಒ ಬಳಕೆ ನಿಲ್ಲಿಸಬೇಕು ಅಂತ ಹೇಳಿತ್ತು. ಬರೀ ಕಾವೇರಿ ನೀರು ಬರೋ ಮನೆಗಳಲ್ಲಿ ನಂಬರ್ ಸಾಮಾನ್ಯವಾಗಿ ಅದಕ್ಕಿಂತ ಕೆಳಗೇ ಇರತ್ತೆ, ಅಂಥ ಕಡೆ ಬೆಳಕಿಂದ ಕ್ರಿಮಿ ಕೊಲ್ಲೋ ಯುವಿ ಫಿಲ್ಟರ್ ಸಾಕು, ಇಲ್ಲಾ ಕುದಿಸಿ ಆರಿಸಿದ ನೀರು ಸಾಕು. ಬೋರ್‌ವೆಲ್ ನೀರಾದ್ರೆ ಮೀಟರ್ ಒಂದನ್ನೇ ನಂಬ್ಬೇಡಿ, ಫ್ಲೋರೈಡು ನೈಟ್ರೇಟು ಎಷ್ಟಿದೆ ಅಂತ ಅದು ಹೇಳಲ್ಲ, ಒಂದ್ಸಲ ಲ್ಯಾಬಲ್ಲಿ ಟೆಸ್ಟ್ ಮಾಡ್ಸಿ. ಆರ್‌ಒ ಇರಲೇಬೇಕು ಅಂದ್ರೆ ಆ ಹೊರಗೆ ಬಿಡೋ ಪೈಪನ್ನ ಒಂದು ಬಕೆಟ್ಟಿಗೆ ಬಿಟ್ಟು ನೆಲ ಒರೆಸೋಕೆ, ಟಾಯ್ಲೆಟ್ಟಿಗೆ, ಬಾಗಿಲ ಮುಂದೆ ತೊಳೆಯೋಕೆ ಬಳಸಿ. ಗಿಡಕ್ಕೆ ದಿನಾ ಹಾಕ್ಬೇಡಿ, ಉಪ್ಪಿನಂಶ ಮಣ್ಣಲ್ಲಿ ಕೂತ್ಬಿಡತ್ತೆ. ಗಿಡಕ್ಕೆ ಅಕ್ಕಿ ತೊಳೆದ ನೀರು ಹಾಕಿ, ಊರಲ್ಲಿ ಕಲಗಚ್ಚಿಗೆ ಸೇರಿ ಹಸುವಿಗೆ ಹೋಗ್ತಿದ್ದ ನೀರು ಅದು.

ಕರೆಂಟ್ ಬಗ್ಗೆ ಇಲ್ಲೇ ಒಂದು ಮಾತು. ಹಳೇ ಸೀಲಿಂಗ್ ಫ್ಯಾನ್ ಹತ್ತಿರ 75 ವ್ಯಾಟ್ ತಿನ್ನತ್ತೆ, ಬಿಎಲ್‌ಡಿಸಿ ಅನ್ನೋ ಹೊಸ ಥರದ ಮೋಟರ್ ಇರೋ ಫ್ಯಾನ್ 30 ವ್ಯಾಟ್. ದಿನಕ್ಕೆ 12 ಗಂಟೆ ತಿರುಗಿದ್ರೆ ಒಂದು ಫ್ಯಾನಿಗೇ ತಿಂಗಳಿಗೆ 16 ಯೂನಿಟ್ ಉಳಿಯತ್ತೆ. ಗೃಹಜ್ಯೋತಿ ಇದೆ, ಬಿಲ್ ಸೊನ್ನೆ ಬರತ್ತೆ ಅಂತ ಬಿಡ್ಬೇಡಿ, ಸೊನ್ನೆ ಬಂದಿರೋದು ದುಡ್ಡು, ಯೂನಿಟ್ ಓಡ್ತಾನೇ ಇದೆ.

ಹೆಜ್ಜೆ 4: ಅಟ್ಟ, ಮಂಚದ ಕೆಳಗೆ, ಬಾಗಿಲ ಹಿಂದೆ

ಜಾಗಕ್ಕೂ ಬಾಡಿಗೆ ಕಟ್ತಿದ್ದೀವಿ ಅನ್ನೋದನ್ನ ಲೆಕ್ಕ ಹಾಕಿದ್ರೇನೇ ಮನಸ್ಸಿಗೆ ನಾಟೋದು. 800 ಚದರಡಿ ಮನೆಗೆ 20,000 ಬಾಡಿಗೆ ಅಂದ್ರೆ ಚದರಡಿಗೆ 25 ರೂಪಾಯಿ. ಆರಡಿ ನಾಲ್ಕಡಿ ಮಂಚ ಒಂದರ ಮೇಲೆ ಹಳೇ ಬಟ್ಟೆ ಗಂಟು, ಡಬ್ಬ, ಸೂಟ್‌ಕೇಸ್ ಇಟ್ಟಿದ್ರೆ 24 ಚದರಡಿ, ತಿಂಗಳಿಗೆ 600, ವರ್ಷಕ್ಕೆ 7,200 ರೂಪಾಯಿ ಆ ಗಂಟಿಗೆ ಬಾಡಿಗೆ.

ಇಡೀ ಮನೆ ಒಂದೇ ದಿನ ಕೆಡವಿ ಹಾಕ್ಬೇಡಿ, ಸಂಜೆ ಹೊತ್ತಿಗೆ ಸುಸ್ತಾಗಿ ಎಲ್ಲಾ ವಾಪಸ್ ತುರುಕ್ತೀರ. ಒಂದು ಭಾನುವಾರ, ಒಂದೇ ಅಟ್ಟ, ಎರಡು ಗಂಟೆ. ಎಲ್ಲಾ ಕೆಳಗಿಳಿಸಿ ಒಂದೊಂದನ್ನೂ ಕೈಗೆತ್ತಿಕೊಂಡು ಕೇಳಿ, ಹೋದ ಆಯುಧಪೂಜೆಯಿಂದ ಈಚೆಗೆ ಇದನ್ನ ಬಳಸಿದ್ದೀವಾ? ಬಳಸಿದ್ರೆ ಅದು ಅಟ್ಟದಲ್ಲಿರ್ಬಾರ್ದು, ಕೈಗೆ ಸಿಗೋ ಕಡೆ ಬರ್ಬೇಕು. ಹಬ್ಬಕ್ಕೆ, ನೆಂಟರು ಬಂದಾಗ ಮಾತ್ರ ಬೇಕಾಗೋದು, ಅಂದ್ರೆ ಗೊಂಬೆ ಪೆಟ್ಟಿಗೆ, ದೊಡ್ಡ ಪಾತ್ರೆ, ಹಾಸಿಗೆ, ಅದು ಮೇಲೆ ಹೋಗ್ಲಿ. ಎರಡೂ ಅಲ್ದಿದ್ರೆ ಮನೆಯಿಂದ ಆಚೆ.

ಕಷ್ಟ ಆಗೋದು ಇಲ್ಲೇ. ನಾನು ಒಂದು ಹಿತ್ತಾಳೆ ಪರಾತ ತೆಗೆದು ಪಕ್ಕಕ್ಕಿಟ್ಟಾಗ ಅಮ್ಮ 'ಅದು ನಿಮ್ಮಜ್ಜಿ ಮದುವೇಲಿ ಬಂದಿದ್ದು ಕಣೋ' ಅಂದ್ರು, ಕೈಯಿಂದ ತಗೊಂಡು ಸೆರಗಲ್ಲಿ ಧೂಳು ಒರೆಸಿದ್ರು, ಅಂಚಲ್ಲಿ ಅಜ್ಜಿ ಹೆಸರು ಚುಕ್ಕಿ ಚುಕ್ಕಿಯಾಗಿ ಕೆತ್ತಿದ್ದು ಕಾಣಿಸ್ತು. ಅಂಥದ್ದನ್ನ ಕೊಟ್ಟುಬಿಡಿ ಅಂತ ನಾನು ಹೇಳಲ್ಲ. ಅದೀಗ ನಮ್ಮ ಊಟದ ಟೇಬಲ್ ಮೇಲಿದೆ, ಹಣ್ಣು ಇಡೋಕೆ. ಕತ್ತಲಲ್ಲಿ ಧೂಳು ಹಿಡಿದು ಕೂರೋದಕ್ಕಿಂತ ದಿನಾ ಕೈ ಮುಟ್ಟೋ ಜಾಗದಲ್ಲಿರೋದೇ ಅಜ್ಜಿಗೆ ಮರ್ಯಾದೆ ಅನ್ಸತ್ತೆ ನನಗೆ.

ಆಚೆ ಹೋಗೋದಕ್ಕೆ ದಾರಿ ಇದೆ. ತೂತಾದ ಸ್ಟೀಲು, ತಾಮ್ರ ಪಾತ್ರೆ ಅಂಗಡೀಲಿ ತೂಕಕ್ಕೆ ತಗೋತಾರೆ, ಪೇಪರ್ ರಟ್ಟು ಗುಜರಿಗೆ, ಒಳ್ಳೇ ಬಟ್ಟೇನ ತೊಳೆದು ಮಡಿಸಿ ಬೇಕಾದವರಿಗೆ. ವೈರು, ಚಾರ್ಜರ್, ಹಳೇ ಮೊಬೈಲ್ ಮಾತ್ರ ಗುಜರಿಗೆ ಹಾಕ್ಬೇಡಿ, ತಾಮ್ರಕ್ಕೋಸ್ಕರ ಅದನ್ನ ಸುಡೋದುಂಟು, ಆ ಹೊಗೆ ಕುಡಿಯೋರು ಬಡವರ ಮಕ್ಕಳು, ಇ-ವೇಸ್ಟ್ ತಗೊಳ್ಳೋ ಕಡೆಗೇ ಕೊಡಿ. ಮತ್ತೆ ಎಲ್ಲಾ ಖಾಲಿ ಮಾಡೋ ಮುಂಚೆ ಹೊಸ ಸ್ಟೋರೇಜ್ ಬಾಕ್ಸ್ ಕೊಳ್ಳೋಕೆ ಹೋಗ್ಬೇಡಿ, ಎಷ್ಟೋ ಮನೇಲಿ ಕಸಾನೇ ಚೆಂದದ ಡಬ್ಬದಲ್ಲಿ ಕೂತಿರೋದು ನೋಡಿದ್ದೀನಿ. ಮೇಲೆ ಏನೇನು ಹೋಯ್ತು ಅಂತ ಒಂದು ಹಾಳೇಲಿ ಬರೆದು ಬೀರು ಬಾಗಿಲ ಒಳಗಡೆ ಅಂಟಿಸಿ. ಈ ಹಾಳೆ ಇದ್ದಿದ್ರೆ ನಮ್ಮನೇಲಿ ಟಾರ್ಚ್ ಒಂದೇ ಇರ್ತಿತ್ತು.

ಹೆಜ್ಜೆ 5: ಕಾಗದಪತ್ರ, ಓಡಾಟ

ಕೀಗೆ ಬಾಗಿಲ ಹತ್ತಿರ ಮೊಳೆ, ಕನ್ನಡಕಕ್ಕೆ ಒಂದು ಬಟ್ಟಲು, ಅದು ಮುಗೀತು. ಕಾಗದಕ್ಕೆ ಒಂದೇ ಫೈಲು: ಮನೆ, ಗಾಡಿ, ಆಸ್ಪತ್ರೆ, ಸ್ಕೂಲು ಅಂತ ನಾಲ್ಕು ಭಾಗ. ಡಿಎಲ್, ಆರ್‌ಸಿ ಡಿಜಿಲಾಕರಲ್ಲಿ ಇಟ್ಕೊಳ್ಳಿ, ಅಲ್ಲಿರೋದಕ್ಕೆ ಅಸಲಿಯಷ್ಟೇ ಮಾನ್ಯತೆ ಇದೆ.

ಸರ್ಕಾರಿ ಆಫೀಸಿಗೆ ಅರ್ಜಿ ಕೊಟ್ಟು 'ಆಯ್ತಾ ಸಾರ್' ಅಂತ ಕೇಳೋಕೆ ಅರ್ಧ ದಿನ ರಜೆ ಹಾಕಿ ಹೋಗ್ತೀವಲ್ಲ, ಅದನ್ನ ನಿಲ್ಲಿಸಬಹುದು. ಸರ್ಕಾರಿ ಸೇವೆ ಇಷ್ಟು ದಿನದೊಳಗೆ ಕೊಡಲೇಬೇಕು ಅನ್ನೋ ಸಕಾಲ 2012ರಿಂದ ಜಾರಿಯಲ್ಲಿದೆ. ಅದರಡಿ ಬರೋ ಸೇವೆಗೆ ಅರ್ಜಿ ಕೊಟ್ಟಾಗ ಹಿಂಬರಹದಲ್ಲಿ ಜಿಎಸ್‌ಸಿ ನಂಬರ್ ಅಂತ ನಿಮ್ಮ ಅರ್ಜಿಯ ಗುರುತಿನ ಸಂಖ್ಯೆ ಇರತ್ತೆ, ಆ ಚೀಟಿ ಕೇಳಿ ಪಡ್ಕೊಂಡು ತಕ್ಷಣ ಫೋಟೋ ತೆಗೆದಿಟ್ಕೊಳ್ಳಿ, ಅದೇ ನಂಬರಲ್ಲಿ ಕೆಲಸ ಎಲ್ಲಿಗೆ ಬಂತು ಅಂತ ಮನೇಲೇ ನೋಡಬಹುದು. ಹೇಳಿದ ದಿನ ಮೀರಿದ್ರೆ ದಿನಕ್ಕೆ 20 ರೂಪಾಯಿ, ಹೆಚ್ಚಂದ್ರೆ 500 ರೂಪಾಯಿವರೆಗೆ ಪರಿಹಾರ ಕೇಳೋ ಹಕ್ಕೂ ಕಾನೂನಲ್ಲಿದೆ. ಮೊತ್ತ ಸಣ್ಣದಿರಬಹುದು, ಆದ್ರೆ ನಮ್ಮ ಟೈಮಿಗೂ ಬೆಲೆ ಇದೆ ಅಂತ ಬರೆದಿಟ್ಟಿರೋ ಕಾನೂನು ಅದು, ಬಳಸ್ಕೊಳ್ಳಿ.

ಯಾವ ಹೆಜ್ಜೆಯಿಂದ ಶುರು ಮಾಡೋದು ಅಂತ ಗೊತ್ತಾಗದಿದ್ರೆ ಈ ಶುಕ್ರವಾರ ರಾತ್ರಿ ಫ್ರಿಜ್ಜಿನ ತರಕಾರಿ ಟ್ರೇ ಪೂರ್ತಿ ಹೊರಗೆಳೆದು ಪೇಪರ್ ಮೇಲೆ ಸುರೀರಿ. ಏನಿದೆ ನೋಡ್ಕೊಂಡು ಚೀಟಿ ಬರೆದು, ಆಮೇಲೆ ಶನಿವಾರ ಮಾರ್ಕೆಟ್ಟಿಗೆ ಹೋಗಿ.