ಗಾಜು ಎರಡು ಬೆರಳು ಇಳಿಸಿ, ಹಾರ್ನ್ ಒಂದೇ ಸಲ

ಕೊಡಗಿನಿಂದ ಕೇರಳದ ಕಡೆ ಮಾಕುಟ್ಟ ಘಾಟಿ ಇಳಿಯುವಾಗ ನನ್ನ ಹಾರ್ನ್ ಸತ್ತಿತು. ಕಕ್ಕಡ ತಿಂಗಳು, ಕೊಡಗಿನಲ್ಲಿ ಜೋರು ಮಳೆಯ ಕಾಲ. ಪೆರುಂಬಾಡಿ ದಾಟಿ ಎರಡನೇ ತಿರುವೋ ಮೂರನೆಯದೋ ಇರಬೇಕು. ಒತ್ತಿದರೆ ಬಾನೆಟ್ ಒಳಗಿಂದ ಗಂಟಲು ಕಟ್ಟಿದ ಎಮ್ಮೆಯಂಥ ದನಿ ಬಂತು. ಮತ್ತೆ ಒತ್ತಿದರೆ ಅದೂ ಇಲ್ಲ. ನನ್ನದು ಟ್ಯಾಕ್ಸಿ, ಹಿಂದಿನ ಸೀಟಿನಲ್ಲಿ ಕಣ್ಣೂರಿಗೆ ಹೊರಟ ಬಾಡಿಗೆಯವರು. ಎದುರಿಂದ ಇರಿಟ್ಟಿ ಕಡೆಯ ಬಸ್ಸುಗಳು. ಅವು ತಿರುವಿನಲ್ಲಿ ಅರ್ಧ ರಸ್ತೆಗಿಂತ ಜಾಸ್ತಿಯೇ ಹಿಡಿಯುತ್ತವೆ, ಅಷ್ಟುದ್ದದ ಗಾಡಿ ಬೇರೆ ಹೇಗೂ ತಿರುಗುವುದಿಲ್ಲ. ಒಂದು ಕಡೆ ಧರೆ, ಇನ್ನೊಂದು ಕಡೆ ಕಾಡು ತುಂಬಿದ ಕಂದಕ.

ಬೇರೆ ದಾರಿ ಕಾಣದೆ ಗಾಜು ಪೂರ್ತಿ ಇಳಿಸಿದೆ, ಹಾಡು ನಿಲ್ಲಿಸಿದೆ, ಲೈಟ್ ಹಾಕಿದೆ, ಎರಡನೇ ಗೇರಿನಲ್ಲಿ ಹೋಗುತ್ತಾ ಪ್ರತಿ ತಿರುವಿನ ಮುಂಚೆಯೂ ಕಿವಿಗೊಟ್ಟೆ. ಬಲತೋಳು ಪೂರ್ತಿ ಒದ್ದೆ. ಆದರೆ ಬಸ್ಸು ಕಾಣುವುದಕ್ಕೆ ಎಷ್ಟೋ ಮುಂಚೆ ಅದರ ಇಂಜಿನ್ ಏದುಸಿರು ಕೇಳುತ್ತಿತ್ತು. ಕೂಟುಪುಳ ಮುಟ್ಟುವಷ್ಟರಲ್ಲಿ ನನಗೇ ನಾಚಿಕೆಯಾಯಿತು. ಹನ್ನೊಂದು ವರ್ಷದಿಂದ ಈ ರಸ್ತೆಯಲ್ಲಿ ಹಾರ್ನ್ ಹೊಡೆದಿದ್ದೇನೆ, ಒಂದು ಸಲವಾದರೂ ಆಚೆಯವನ ಉತ್ತರಕ್ಕೆ ಕಾದಿರಲಿಲ್ಲ.

ಆವತ್ತಿನಿಂದ ಅಭ್ಯಾಸ ಬದಲಾಯಿತು. ತಿರುವಿಗೆ ಮೂವತ್ತು ನಲವತ್ತು ಮೀಟರ್ ಇರುವಾಗಲೇ ಒಂದು ಹಾರ್ನ್, ಸುಮಾರು ಒಂದು ಸೆಕೆಂಡು. ತಿರುವಿನ ಒಳಗೆ ಹೋಗಿ ಹೊಡೆದರೆ ಆಚೆಯವನಿಗೆ ಬ್ರೇಕ್ ಹಿಡಿಯಲು ಜಾಗವೇ ಇರುವುದಿಲ್ಲ. ಹೊಡೆದ ಮೇಲೆ ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಕೇಳುವುದು. ಅದಕ್ಕೇ ಎಂಥ ಮಳೆಯಿದ್ದರೂ ನನ್ನ ಪಕ್ಕದ ಗಾಜು ಎರಡು ಬೆರಳಷ್ಟು ಇಳಿದಿರುತ್ತದೆ. ಬೆಂಗಳೂರಿನಿಂದ ಬಂದವರು 'ಏಸಿ ಹಾಕಿ ಗಾಜು ಯಾಕಣ್ಣ ತೆಗೆದಿದ್ದೀರಿ' ಎಂದು ಕೇಳುತ್ತಾರೆ. ಸಂಪಾಜೆ ಘಾಟಿ ಇಳಿಯುವಷ್ಟರಲ್ಲಿ ಕೇಳುವುದನ್ನು ಬಿಡುತ್ತಾರೆ.

ಉತ್ತರ ಬಂತು ಎಂದಾದರೆ, ಇಳಿಯುತ್ತಿರುವವನು ನಾನಾದರೆ ಅಗಲ ಇರುವಲ್ಲಿ ನಿಲ್ಲುತ್ತೇನೆ. ಇಬ್ಬರಿಗೆ ಜಾಗ ಸಾಲದ ಬೆಟ್ಟದ ರಸ್ತೆಯಲ್ಲಿ ಇಳಿಯುವ ಗಾಡಿ ನಿಂತು ಹತ್ತುವ ಗಾಡಿಗೆ ದಾರಿ ಬಿಡಬೇಕು ಎಂದು 2017ರ ಚಾಲನಾ ನಿಯಮದಲ್ಲೇ ಇದೆ. ನಮ್ಮ ಹಳೆಯ ಲಾರಿ ಡ್ರೈವರುಗಳಿಗೆ ಅದನ್ನು ಯಾರೂ ಓದಿ ಹೇಳಬೇಕಾಗಿರಲಿಲ್ಲ. ಲೋಡು ಹೊತ್ತು ಏರಿನಲ್ಲಿ ನಿಂತ ಗಾಡಿಯನ್ನು ಮತ್ತೆ ಎಬ್ಬಿಸುವ ಕಷ್ಟ ಅವರ ಕ್ಲಚ್ಚಿಗೆ ಗೊತ್ತಿತ್ತು.

ಉತ್ತರ ಬರದಿದ್ದರೆ ಆಚೆ ಯಾರೂ ಇಲ್ಲ ಅಂತಲ್ಲ, ಅದು ನೆನಪಿರಲಿ. ಜೋರು ಮಳೆಯಲ್ಲಿ ಗಾಜು ಏರಿಸಿ, ವೈಪರ್ ಓಡಿಸಿ, ಹಾಡು ಹಾಕಿಕೊಂಡವನಿಗೆ ನನ್ನ ಹಾರ್ನ್ ಎಲ್ಲಿ ಕೇಳಬೇಕು? ಹಾರ್ನ್ ಹೊಡೆದೆ, ಇನ್ನು ದಾರಿ ನನ್ನದು ಎಂದು ನುಗ್ಗುವವರನ್ನು ಕಂಡರೆ ನನಗೆ ಹಾರ್ನೇ ಇಲ್ಲದವನಿಗಿಂತ ಹೆಚ್ಚು ಭಯ.

ರಾತ್ರಿ ಲೆಕ್ಕ ಬೇರೆ. ತಿರುವಿನ ಧರೆಯ ಮೇಲೆ ಗಾಡಿಗಿಂತ ಮೊದಲು ಬೆಳಕು ಬಂದು ಬೀಳುತ್ತದೆ, ಡಿಪ್ ಡಿಮ್ ಮಾಡಿದರೆ ಸಾಕು. ವಾಸದ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತುರ್ತು ಇಲ್ಲದೆ ಹಾರ್ನ್ ಹೊಡೆಯುವಂತೆಯೇ ಇಲ್ಲ. ಮಂಜಿನಲ್ಲಿ ಮಾತ್ರ ಬೆಳಕು ಕೈಕೊಡುತ್ತದೆ. ಹೈ ಬೀಮ್ ಹಾಕಿದರೆ ಎದುರಿಗೆ ಬಿಳಿ ಗೋಡೆ ಎದ್ದು ನಿಲ್ಲುತ್ತದೆ. ಆಗ ಲೋ ಬೀಮ್, ಆಗಾಗ ಚಿಕ್ಕ ಹಾರ್ನ್. (ಮಂಜಿನಲ್ಲಿ ನಾಲ್ಕೂ ಇಂಡಿಕೇಟರ್ ಮಿನುಗಿಸಿಕೊಂಡು ಓಡಿಸುವವರೇ, ನೀವು ಎಡಕ್ಕೆ ತಿರುಗುತ್ತೀರೋ ಬಲಕ್ಕೋ ಹಿಂದಿರುವ ನನಗೆ ಹೇಗೆ ಗೊತ್ತಾಗಬೇಕು?)

ತೋಟದ ರಸ್ತೆಗಳಲ್ಲಿ ಬೆಳಿಗ್ಗೆ ಹೊತ್ತು ಲೈನ್ ಮನೆಗಳಿಂದ, ಅಂದರೆ ತೋಟದ ಕಾರ್ಮಿಕರ ಸಾಲುಮನೆಗಳಿಂದ, ಕೆಲಸದವರು ಸಾಲಾಗಿ ಹೋಗುತ್ತಿರುತ್ತಾರೆ. ಬೆನ್ನ ಹಿಂದೆ ಹಾರ್ನ್ ಹೊಡೆದರೆ ಗಾಬರಿಯಾಗಿ ಅರ್ಧ ಜನ ಚರಂಡಿಗೆ, ಅರ್ಧ ಜನ ರಸ್ತೆ ಮಧ್ಯಕ್ಕೆ. ಅಲ್ಲಿ ನಾನು ಬರೀ ನಿಧಾನ ಮಾಡುತ್ತೇನೆ, ಡೀಸೆಲ್ ಗಾಡಿ ತನ್ನ ಬರವನ್ನು ತಾನೇ ಸಾರುತ್ತದೆ.

ಇನ್ನು ಆನೆ. ಸಿದ್ದಾಪುರ, ಮಾಲ್ದಾರೆ ಕಡೆಯಾಗಲಿ, ಗೋಣಿಕೊಪ್ಪಲಿನಿಂದ ಹುಣಸೂರಿಗೆ ಹೋಗುವಾಗ ಆನೆಚೌಕೂರು ಕಾಡಾಗಲಿ, ಅಲ್ಲಿ ತಿರುವಿದ್ದರೂ ನಾನು ಹಾರ್ನ್ ಮುಟ್ಟುವುದಿಲ್ಲ. ಇಪ್ಪತ್ತರ ವೇಗ, ಅಷ್ಟೆ. ಒಂದು ಬೆಳಿಗ್ಗೆ ಮಾಲ್ದಾರೆ ಹತ್ತಿರ ತಾಯಾನೆಯೊಂದು ತೋಟದಿಂದ ಇಳಿದು ರಸ್ತೆ ಮಧ್ಯೆ ನಿಂತಿತು, ಮರಿ ಇನ್ನೂ ಬೇಲಿಯ ಆಚೆ. ನಾನು ದೂರದಲ್ಲೇ ನಿಂತೆ. ಹಿಂದೆ ಬಂದ ಪ್ರವಾಸಿಗರ ಕಾರು ನನಗೆ ಅಂಟಿಕೊಂಡು ನಿಂತು, ನಾನು ಸುಮ್ಮನೆ ದಾರಿ ತಡೆದಿದ್ದೇನೆ ಎಂದುಕೊಂಡು ಉದ್ದಕ್ಕೆ ಹಾರ್ನ್ ಹೊಡೆಯಿತು. ಆನೆ ಸರಕ್ಕನೆ ನಮ್ಮತ್ತ ತಿರುಗಿತು. ಕಿವಿ ಅಗಲವಾಯಿತು, ಎರಡು ಹೆಜ್ಜೆ ಮುಂದೆ ಬಂತು. ಹಿಂದಕ್ಕೆ ಹೋಗೋಣವೆಂದರೆ ಆ ಕಾರು. ಕಿಟಕಿಯಿಂದ ಕೈ ಹೊರಹಾಕಿ ಹಿಂದೆ ಹೋಗು ಎಂದು ಬೀಸಿದೆ. ಅವನಿಗೂ ಅಷ್ಟರಲ್ಲಿ ಆನೆ ಕಂಡಿತ್ತು, ರಿವರ್ಸಿನಲ್ಲಿ ಹೋದ ವೇಗ ನೋಡಬೇಕಿತ್ತು. ನಾನೂ ಮೆಲ್ಲಗೆ ಹಿಂದೆ ಸರಿದೆ. ಮರಿ ಬೇಲಿ ನುಸುಳಿ ಬಂತು, ಎರಡೂ ಎದುರು ತೋಟಕ್ಕೆ ಇಳಿದವು. ನನ್ನ ಅಂಗಿಯ ಬೆನ್ನು ಪೂರ್ತಿ ಒದ್ದೆ, ಆವತ್ತು ಮಳೆ ಇರಲಿಲ್ಲ.

ಸತ್ತ ಹಾರ್ನಿನ ಕಥೆಗೆ ಬರುತ್ತೇನೆ. ತಪ್ಪಿನಲ್ಲಿ ಅರ್ಧ ನನ್ನದೇ. ಹಿಂದಿನ ವರ್ಷ ಜೋರು ಸದ್ದಿನ ಆಸೆಗೆ ಒಂದು ಅಂಗಡಿಯಲ್ಲಿ ರಾಗ ಹಾಡುವ ಹಾರ್ನ್ ಹಾಕಿಸಿದ್ದೆ. ಹಲವು ಸ್ವರದ ಹಾರ್ನಿಗೆ ಮೋಟಾರು ವಾಹನ ನಿಯಮ ಒಪ್ಪುವುದಿಲ್ಲ. ಅದನ್ನು ಬಿಚ್ಚಿ ಹಳೆಯದನ್ನೇ ಮತ್ತೆ ಕೂರಿಸುವಾಗ ಅದೇ ಅಂಗಡಿಯವನು ಬಾಯಿ ಮೇಲಕ್ಕೆ ಮಾಡಿಟ್ಟಿದ್ದ. ನಮ್ಮ ಮಳೆಗೆ ಅದು ಬೋಗುಣಿಯಾಯಿತು. (ಸುಮ್ಮಸುಮ್ಮನೆ ಹೊಡೆದರೂ ಮೊದಲ ಸಲ 1,000, ಆಮೇಲೆ 2,000 ರೂಪಾಯಿ ದಂಡ ಇದೆ ಎಂದು ನನಗೆ ತಿಳಿದದ್ದೂ ಆಗಲೇ.)

ನಾನು ಪರೀಕ್ಷೆ ಮಾಡುವ ರೀತಿ ಸುಲಭ. ಒಬ್ಬರು ಹಾರ್ನ್ ಒತ್ತಬೇಕು, ಇನ್ನೊಬ್ಬರು ರಿಲೇ (ಹಾರ್ನಿಗೆ ಕರೆಂಟು ಹಾಯಿಸುವ ಚಿಕ್ಕ ಪೆಟ್ಟಿಗೆ) ಹತ್ತಿರ ಕಿವಿ ಇಡಬೇಕು. ಟಿಕ್ ಎನ್ನದಿದ್ದರೆ ಫ್ಯೂಸ್, ಸ್ವಿಚ್ಚು ಅಥವಾ ರಿಲೇ ನೋಡಬೇಕು. ಟಿಕ್ ಎಂದರೂ ಹಾರ್ನ್ ಕೂಗದಿದ್ದರೆ ಕಾಯಿಲೆ ಹೆಚ್ಚಾಗಿ ಹಾರ್ನಿನಲ್ಲಿ ಅಥವಾ ಅದರ ವೈರಿನಲ್ಲಿ, ಅದರಲ್ಲೂ ಗಾಡಿಯ ಲೋಹದ ಮೈಗೆ ಕಟ್ಟಿದ ಅರ್ತ್ ವೈರಿನಲ್ಲಿ. ನನ್ನದರಲ್ಲಿ ಅರ್ತ್ ತುಕ್ಕು ಹಿಡಿದಿತ್ತು, ಸ್ಯಾಂಡ್ ಪೇಪರಿನಲ್ಲಿ ಉಜ್ಜಿ ಬಿಗಿದು ಗ್ರೀಸ್ ಬಳಿದೆ. ಹಾರ್ನಿನ ಒಳಗೆ ಒಂದು ಕಾಯಿಲ್, ಅದರ ಎದುರು ತೆಳು ತಗಡು. ಕಾಯಿಲ್ ಆ ತಗಡನ್ನು ಎಳೆಯುತ್ತದೆ, ಎಳೆದ ಕೂಡಲೇ ಪಾಯಿಂಟ್ ಬಿಟ್ಟು ಕರೆಂಟು ಕಡಿಯುತ್ತದೆ, ತಗಡು ವಾಪಸ್ ಬರುತ್ತದೆ. ಸೆಕೆಂಡಿಗೆ ನೂರಾರು ಸಲ ಹೀಗಾದರೆ ಅದೇ ಸದ್ದು. ಆ ಪಾಯಿಂಟಿಗೆ ನೀರು ಸೇರಿದರೆ ಎಮ್ಮೆ ದನಿ. ಒಣಗಿಸಿ, ಹಿಂದಿನ ಸ್ಕ್ರೂ ಕಾಲು ಸುತ್ತು ತಿರುಗಿಸಿ ನೋಡಿದೆ, ದನಿ ಬಿಚ್ಚಿತು. ಬಾಯಿ ಕೆಳಕ್ಕೆ ಮಾಡಿ ಕೂರಿಸಿ, ಎದುರಿಗೆ ಹಳೆ ಟ್ಯೂಬಿನ ತುಂಡೊಂದನ್ನು ತೂಗುಬಿಟ್ಟಿದ್ದೇನೆ.

ಆಮೇಲೆ ಎರಡು ಮಳೆಗಾಲ ಅದು ತಡೆದಿದೆ. ಈ ಸಲ ಮೇ ಮುಗಿಯುವುದರೊಳಗೆ ಮತ್ತೆ ಬಿಚ್ಚಬೇಕು, ದನಿ ಈಗಲೇ ಸ್ವಲ್ಪ ಎಮ್ಮೆಯ ಕಡೆಗೆ ವಾಲುತ್ತಿದೆ.